ಮುನ್ನೂರು ಸಲ ಸತ್ತ ಮಾವ

ನನ್ನ ಸೋದರಮಾವ ಕಡಿಮೆಯೆಂದರೂ ಮುನ್ನೂರು ಸಲ ಸತ್ತವನು. ಕತ್ತಿಯಿಂದ, ಭರ್ಚಿಯಿಂದ, ವಿಷದಿಂದ, ಒಮ್ಮೆ ಸೈದಾಪುರದಲ್ಲಿ ಹಗ್ಗ ಹರಿದು ತಲೆಯ ಮೇಲೆ ಬಿದ್ದ ಪರದೆಯಿಂದ! ಪ್ರತಿ ಸಲವೂ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ನಿಮ್ಮ ಬಳಗದಲ್ಲಿ ಸತ್ತದ್ದಕ್ಕೆ ಊರಿಗೆ ಊರೇ ಖುಷಿಪಟ್ಟವರು ಎಷ್ಟು ಜನ ಇದ್ದಾರೆ ಹೇಳಿ? ಇದ್ದರೂ ನೀವು ಹೇಳುವವರಲ್ಲ, ಬಿಡಿ.

ಮಾವ ನಾಟಕದಲ್ಲಿ ಖಳ. ಬರೀ ಖಳ. ಯಾದಗಿರಿ, ಶಹಾಪುರ, ಸುರಪುರ ಈ ಸೀಮೆಯ ಯಾವ ಊರವರು ನಾಟಕ ಆಡಿದರೂ ರಾಜನ ವೇಷಕ್ಕೆ ಯಾರಾದರೂ ಸಿಗುತ್ತಿದ್ದರು. ಅಣ್ಣನ ಗದ್ದುಗೆ ಕಸಿಯುವ ದುಷ್ಟ ತಮ್ಮ ಬೇಕೆಂದರೆ ಮಾತ್ರ ಶಹಾಪುರಕ್ಕೆ ಬಂಡಿ ಕಳಿಸಬೇಕಿತ್ತು. ಆರಡಿ ಆಳು, ಕೂಡಿದ ಹುಬ್ಬು, ಕಿವಿ ಮುಟ್ಟುವ ಮೀಸೆ, ಕೆಂಡದಂಥ ಕಣ್ಣು. ಕಣ್ಣು ಕೆಂಪಗಿದ್ದದ್ದು ಹಗಲೆಲ್ಲ ಗಿರಣಿಯಲ್ಲಿ ಮೆಣಸಿನಕಾಯಿ ಬೀಸಿ ಬೀಸಿ. ಆದರೆ ಅಷ್ಟು ಸರಳವಾದ ಕಾರಣವನ್ನು ಯಾರು ನಂಬುತ್ತಾರೆ?

ಇನ್ನು ಅವನ ನಗೆ! ಅದು ಹೊಟ್ಟೆಯಲ್ಲಿ ಹುಟ್ಟಿ, ಎದೆಯಲ್ಲಿ ಗುಡುಗಿ, ಮೂಗಿನಿಂದ ಹೊರಗೆ ಬರುತ್ತಿತ್ತು. ಪಾಪ, ಅವನಿಗೆ ಬೇರೆ ನಗೆಯೇ ಬರುತ್ತಿರಲಿಲ್ಲ. ಪಕ್ಕದ ಮನೆಯ ಕೂಸಿನ ತೊಟ್ಟಿಲ ಕಾರ್ಯಕ್ಕೆ ಹೋದವನು ಕೂಸಿನ ಮುಖ ನೋಡಿ ಸಂತೋಷದಿಂದ ನಕ್ಕ. ಹೆಂಗಸರು ಕೂಸನ್ನು ಎತ್ತಿಕೊಂಡು ಅಡುಗೆಮನೆ ಸೇರಿ ಅಗಳಿ ಹಾಕಿಕೊಂಡರು.

ಎಲ್ಲಕ್ಕಿಂತ ಹೆಚ್ಚು ಸಂಶಯ ಹುಟ್ಟಿಸಿದ್ದು ಅವನ ಎಡಗೈ. ನಾಟಕದ ದಿನಗಳು ಬಂದವೆಂದರೆ ಎಡಗೈಯ ಹಿಂಭಾಗ ಸದಾ ತರಚಿರುತ್ತಿತ್ತು; ಹಳೆಯ ಗಾಯದ ಮೇಲೆ ಹೊಸ ಗಾಯ. ಕೇಳಿದರೆ, "ಹಲಗಿ ಬಡದದ" ಎನ್ನುತ್ತಿದ್ದ. ಗಿರಣಿಯಲ್ಲಿ ಎಲ್ಲಿಯ ಹಲಗೆ? ಅವನ ಒಡಹುಟ್ಟಿದ ಅಕ್ಕ, ನಮ್ಮವ್ವ, ಅವಳೂ ನಂಬಲಿಲ್ಲ. "ಎಲ್ಲೋ ಬಡದಾಡಿ ಬಂದಾನ. ಖರೇ ಹೇಳಂಗಿಲ್ಲ" ಎಂದು ಅರಿಶಿನ ಹಚ್ಚುತ್ತಲೇ ಬೈಯುತ್ತಿದ್ದಳು.

ನಮ್ಮ ಕಡೆ ಅಕ್ಕನ ಮಗಳ ಮೇಲೆ ಸೋದರಮಾವನಿಗೆ ಮೊದಲ ಹಕ್ಕು. ನನ್ನ ಅಕ್ಕ ಮದುವೆಯ ವಯಸ್ಸಿಗೆ ಬಂದಿದ್ದಳು, ಮಾವನಿಗೆ ಮೂವತ್ತು ದಾಟಿತ್ತು. ಆದರೂ ಅವ್ವ ಅಕ್ಕನನ್ನು ಗುರುಮಠಕಲ್ಲಿನ ಕಡೆಯ ಒಬ್ಬ ಪಾಪದ ಹುಡುಗನಿಗೆ ಕೊಟ್ಟುಬಿಟ್ಟಳು. ಮಾವ ಆ ಮದುವೆಯಲ್ಲೇ ಮೂರು ದಿನ ನೀರು ಹೊತ್ತ. ಸ್ವಂತ ಅಕ್ಕನೇ ಹೆಣ್ಣು ಕೊಡದವನಿಗೆ ಮಿಕ್ಕವರು ಕೊಡುತ್ತಾರೆಯೇ? ಅವನಿಗೆ ಗದ್ದುಗೆ ಬೇಕಿರಲಿಲ್ಲ. ಒಂದು ಮನೆ, ಬಾಗಿಲಲ್ಲಿ ಕಾಯುವ ಒಬ್ಬ ಹೆಂಡತಿ, ಇಷ್ಟೇ ಬೇಕಾಗಿತ್ತು. ಅದೇ ಸಿಗಲಿಲ್ಲ.

ಆಗಲೇ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ್ದು. ಹಳೆಯ ಸರ್ಕಾರ ಹೋಗಿತ್ತು, ಹೊಸದು ಇನ್ನೂ ಕಾಲೂರಿರಲಿಲ್ಲ. ಎಲ್ಲರಿಗೂ ಎಲ್ಲರ ಮೇಲೂ ಸಂಶಯ. ಬಾಗಿಲು ತೆರೆದಿಟ್ಟರೆ ಯಾರಿಗೆ ಕಾಯುತ್ತಿದ್ದಾನೆ ಎಂದು ಸಂಶಯ, ಮುಚ್ಚಿದರೆ ಯಾರನ್ನು ಬಚ್ಚಿಟ್ಟಿದ್ದಾನೆ ಎಂದು ಸಂಶಯ! ಇಂಥದರಲ್ಲಿ ದೂರದ ಸೀಮೆಯಿಂದ ಹೊಸ ಅಧಿಕಾರಿಯೊಬ್ಬ ಬಂದ. ಕನ್ನಡ ಬಾರದು. ಸುರಪುರದ ಹತ್ತಿರದ ಒಂದು ಹಳ್ಳಿಯ ಚಾವಡಿಯಲ್ಲಿ ಜನರನ್ನು ಕೂಡಿಸಿ, ಜೊತೆಗಿದ್ದ ಗುಮಾಸ್ತನ ಬಾಯಿಂದ ಕೇಳಿಸಿದ: "ಈ ಸೀಮ್ಯಾಗ ಬದ್ಮಾಷ್ ಮಂದಿ ಯಾರ ಅದಾರ? ಅಂಜಬ್ಯಾಡ್ರಿ, ಹೇಳ್ರಿ."

ಯಾರು ಹೇಳಬೇಕು? ಖರೇ ಬದ್ಮಾಷರು ಹೊಸದಾಗಿ ಒಗೆದ ಟೊಪ್ಪಿಗೆ ಹಾಕಿಕೊಂಡು ಮುಂದಿನ ಸಾಲಿನಲ್ಲೇ ಕೂತಿದ್ದರು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಒಬ್ಬ ಕುರಿ ಕಾಯುವ ಮುದುಕ ಎದ್ದು ನನ್ನ ಮಾವನ ಹೆಸರು ಹೇಳಿದ. ಚಾವಡಿ ಉಸಿರು ಬಿಟ್ಟಿತು. ಟೊಪ್ಪಿಗೆಯವರೂ ಜೋರಾಗಿ ತಲೆ ಆಡಿಸಿದರು.

"ಏನ ಮಾಡ್ಯಾನ?"

"ಏನ ಮಾಡಿಲ್ಲ ಕೇಳ್ರಿ! ಒಡಹುಟ್ಟಿದ ಅಣ್ಣಗ ವಿಷ ಹಾಕ್ಯಾನ್ರಿ."

"ಅತ್ತಿಗಿ ಜಡಿ ಹಿಡದು ದರದರ ಎಳದಾನ್ರಿ," ಎಂದ ಇನ್ನೊಬ್ಬ. "ನಾವೆಲ್ಲ ಕಣ್ಣಾರೆ ನೋಡೇವಿ."

"ನೋಡಿ ನೀವೇನ ಮಾಡಿದ್ರಿ?"

"ಏನ ಮಾಡೋದ್ರಿ? ಶೇಂಗಾ ತಿನಕೋತ ಕುಂತಿದ್ವಿ."

ಅಧಿಕಾರಿಯ ಮುಖ ಕೆಂಪಾಯಿತು. ಇಂಥ ಕಲ್ಲೆದೆಯ ಜನರನ್ನು ಅವನು ಕಂಡೇ ಇರಲಿಲ್ಲವಂತೆ! ಮರುದಿನ ಇಬ್ಬರು ಸಿಪಾಯಿಗಳು ಗಿರಣಿಗೆ ಬಂದು, ಮೈಯೆಲ್ಲ ಖಾರ ಮೆತ್ತಿಕೊಂಡಿದ್ದ ಮಾವನನ್ನು ಹಿಡಿದುಕೊಂಡು ಹೋದರು. ದಾರಿಯುದ್ದಕ್ಕೂ ಮೂವರೂ ಸೀನಿದರು.

ವಿಚಾರಣೆಯಲ್ಲಿ ಗುಮಾಸ್ತ ಕೇಳಿದ: "ಅಣ್ಣಗ ವಿಷ ಹಾಕಿದ್ದು ಖರೇ ಏನು?"

ಮಾವ ಸುಳ್ಳು ಹೇಳುವವನಲ್ಲ. "ಖರೇ ಅದರಿ."

"ಎಲ್ಲಿ?"

"ಸುರಪುರದಾಗ ಎರಡ ಸಲ, ಬಳಿಚಕ್ರದಾಗ ಒಮ್ಮೆ. ಯಾದಗಿರಿಯಾಗ ಮಂದಿಗೆ ಭಾಳ ಸೇರಿತಂತ ಮರುದಿನಾನೂ ಹಾಕಿದೆ."

ಅಧಿಕಾರಿ ಲೇಖನಿ ಕೆಳಗಿಟ್ಟು ಗುಮಾಸ್ತನ ಬಾಯಿಂದ ಕೇಳಿಸಿದ: "ಆ ಅಣ್ಣ ಈಗ ಎಲ್ಲಿ ಅದಾನ?"

"ಹೊರಗ ಕುಂತಾನ್ರಿ. ನನ್ನ ಬಿಡಸ್ಕೊಂಡು ಹೋಗಾಕ ಬಂದಾನ."

ಹೊರಗೆ ಕೂತಿದ್ದವರು ಶಹಾಪುರದ ಶಾಲೆಯ ಮಾಸ್ತರರು, ಮಾವನ ಜೊತೆ ಆಡುವ ಕಾಯಂ ರಾಜ. ಅವರ ಪಕ್ಕದಲ್ಲಿ ಕಾಯಂ ರಾಣಿಯೂ ಇದ್ದ. 'ಇದ್ದ' ಎಂದೆ, ಏಕೆಂದರೆ ಅವನು ಶಹಾಪುರದ ದರ್ಜಿ. ನಲವತ್ತರ ಗಂಡಸು, ಮೊಣಕಾಲು ನೋವು ಬೇರೆ. ಅಧಿಕಾರಿಗೆ ಅರ್ಧ ನಂಬಿಕೆ, ಅರ್ಧ ಸಂಶಯ. ನಾಟಕದ ಖಳನಾಗಿದ್ದರೆ ನಕ್ಕು ತೋರಿಸು ಎಂದ. ಮಾವ ನಕ್ಕ. ಬಾಗಿಲಲ್ಲಿದ್ದ ಸಿಪಾಯಿ ಬಂದೂಕು ಕೈಬಿಟ್ಟ. ಕೂಡಲೇ ಬಿಡುಗಡೆಯಾಯಿತು.

ಬಿಡುಗಡೆಯಾದರೇನು, ಊರಿನವರು ಬಿಡಬೇಕಲ್ಲ! "ಹಿಡಕೊಂಡು ಹೋಗಿದ್ರು ಅಂದ ಮ್ಯಾಲ ಏನೋ ಇರಬೇಕು," ಎಂದರು ಜನ. "ಇಷ್ಟ ಲಗೂನ ಬಿಟ್ರು ಅಂದ ಮ್ಯಾಲ ಇನ್ನೂ ದೊಡ್ಡದೇ ಇರಬೇಕು." ಅದುವರೆಗೆ ಮಾತುಕತೆಗೆ ಕರೆಯುತ್ತಿದ್ದ ಒಂದೆರಡು ಹೆಣ್ಣಿನ ಕಡೆಯವರೂ ಕರೆಯುವುದನ್ನು ಬಿಟ್ಟರು.

ಆಗ ಮಾಸ್ತರರಿಗೆ ಒಂದು ಉಪಾಯ ಹೊಳೆಯಿತು. ತಮ್ಮ ರಾಜನ ಪಾತ್ರವನ್ನು ಒಮ್ಮೆ ಮಾವನಿಗೆ ಬಿಟ್ಟುಕೊಡುವುದು. ಧರ್ಮರಾಯನಂಥ ರಾಜನಾಗಿ ಜನರೆದುರು ನಿಂತರೆ ಹೆಸರು ತಾನಾಗಿಯೇ ತೊಳೆದುಹೋಗುತ್ತದೆ. ಮಾವ ಒಂದು ತಿಂಗಳು ಕನ್ನಡಿ ಮುಂದೆ ಕೂತು ಕರುಣೆಯಿಂದ ನೋಡುವುದನ್ನು ಕಲಿತ. ಸುರಪುರದಲ್ಲಿ ನಾಟಕ ನಿಶ್ಚಯವಾಯಿತು. ನಾನೂ ಅವ್ವನ ಜೊತೆ ಹೋಗಿದ್ದೆ.

ರಾಜ ಬಂದು ತಾಯಿಯ ಪಾದಕ್ಕೆ ಬಿದ್ದ. ಹಿಂದಿನಿಂದ ಯಾರೋ, "ಕಾಲ ಹಿಡದು ಕೆಡವತಾನ ನೋಡ್ರಿ ಈಗ!" ಎಂದರು. ಕೆಡವಲಿಲ್ಲ. ಬಡವರಿಗೆ ದಾನ ಮಾಡಿದ. ಜನ ಇನ್ನಷ್ಟು ಸಂಶಯದಿಂದ ಮುಂದಕ್ಕೆ ಸರಿದು ಕೂತರು. ಕೊನೆಗೆ ಬಳಲಿದ ರಾಣಿಗೆ ತನ್ನ ಕೈಯಾರೆ ಹಾಲಿನ ಬಟ್ಟಲು ಕೊಟ್ಟ. ಒಬ್ಬ ಮುದುಕಿ ತಡೆಯಲಾರದೆ ಎದ್ದು ನಿಂತಳು: "ಕುಡೀಬ್ಯಾಡಬೇ ಯವ್ವಾ! ಅದರಾಗ ಹಾಕ್ಯಾನ!"

ಅವಳ ದನಿಯಲ್ಲಿ ಎಂಥ ಖಾತ್ರಿ ಇತ್ತೆಂದರೆ, ಮಾವನ ಜೊತೆ ಹತ್ತು ವರ್ಷ ನಾಟಕ ಆಡಿದ ದರ್ಜಿಗೂ ಅನುಮಾನ ಬಂತು. ಹಾಲು ಕುಡಿಯಲಿಲ್ಲ.

ನಾಟಕ ಮುಗಿದು ಮಂಗಳವನ್ನೂ ಹಾಡಿದರು. ಒಬ್ಬರೂ ಏಳಲಿಲ್ಲ. ಮಾಸ್ತರರು ಪರದೆ ಸರಿಸಿ ಬಂದು, "ಮುಗೀತ್ರಪ್ಪೋ, ಮನೀಗಿ ನಡೀರಿ" ಎಂದು ಕೈಮುಗಿದರು.

"ಎಲ್ಲಿ ಮುಗದದರಿ? ಅವ ಇನ್ನೂ ಸತ್ತಿಲ್ಲ!"

ಎಷ್ಟು ಹೇಳಿದರೂ ಕೇಳಲೊಲ್ಲರು. ಕೊನೆಗೆ ಮಾವನೇ ಕಿರೀಟ ಸಮೇತ ಮತ್ತೆ ರಂಗಕ್ಕೆ ಬಂದು, ಎದೆ ಹಿಡಿದುಕೊಂಡು, ಸುಮ್ಮನೆ ಬಿದ್ದು ಸತ್ತ. ಜನ ಚಪ್ಪಾಳೆ ಹೊಡೆದು, ಕಂಬಳಿ ಝಾಡಿಸಿ ಮನೆಗೆ ಹೋದರು. ಆ ದಿನ ಬಣ್ಣ ಒರೆಸಿಕೊಳ್ಳುವಾಗ ಮಾವ ಅವ್ವನಿಗೆ, "ಇನ್ನ ನನಗ ಹೆಣ್ಣ ನೋಡಬ್ಯಾಡ ಅಕ್ಕಾ" ಎಂದ. ನನಗೆ ಮೊದಲ ಸಲ ಅವನನ್ನು ನೋಡಿ ಹೆದರಿಕೆಯಾಗದೆ ಅಳು ಬಂತು.

ಅವ್ವನಿಗೂ ಏನೋ ಚುಚ್ಚಿರಬೇಕು. ಬೇಡವೆಂದರೂ ಬಿಡದೆ ಬಳಿಚಕ್ರದಲ್ಲಿ ಕುರಿ ಸಾಕಿದವರ ಮನೆಯ ಹೆಣ್ಣಿನ ಸುದ್ದಿ ತಂದಳು. ಅವ್ವ, ನಾನು, ಮಾಸ್ತರರು, ದರ್ಜಿ ಎಲ್ಲರೂ ಹೊರಟೆವು. ಮಾವನ ಮೀಸೆ ಕತ್ತರಿಸಿದ್ದಾಯಿತು. "ತಲಿ ಎತ್ತಬ್ಯಾಡ, ನಗಬ್ಯಾಡ, ಕೇಳಿದ್ದಕ್ಕಷ್ಟ ಜವಾಬು ಕೊಡು," ಎಂದು ಅವ್ವ ಬಂಡಿಯಲ್ಲಿ ಮೂರು ಸಲ ಪಾಠ ಒಪ್ಪಿಸಿಕೊಂಡಳು.

ಮಾವ ಎಷ್ಟು ಸಾಧುವಾಗಿ ಕೂತನೆಂದರೆ, ಅದರಿಂದಲೇ ಕೆಲಸ ಕೆಟ್ಟಿತು. ಹೆಣ್ಣಿನ ಅಪ್ಪ ಬಹಳ ಹೊತ್ತು ಅವನನ್ನೇ ನೋಡಿ ಅವ್ವನಿಗೆ ಹೇಳಿದ: "ತಾಯೀ, ತೋಳ ತಲಿ ತಗ್ಗಿಸಿ ಕುಂತದಂದ್ರ ಕುರಿ ಎಣಸಾಕತ್ತದಂತ ತಿಳಕೋಬೇಕು." ಆಮೇಲೆ ಅವನ ಕಣ್ಣು ಮಾವನ ಎಡಗೈ ಮೇಲೆ ಬಿತ್ತು. "ಇದೇನ ಗಾಯ?"

"ಹಲಗಿ ಬಡದದರಿ," ಎಂದ ಮಾವ, ನೆಲ ನೋಡುತ್ತ.

"ಬ್ಯಾಡ್ರಿ. ನೀವು ಉಂಡು ಹೋಗ್ರಿ. ಮಗಳನ್ನ ನಾ ಕೊಡಂಗಿಲ್ಲ."

ಅವ್ವ ಸೆರಗು ಸರಿಮಾಡಿಕೊಂಡು ಎದ್ದಳು. ಮಾವ ಏಳುವ ಮೊದಲು ಒಳಬಾಗಿಲಿಂದ ಹುಡುಗಿಯ ದನಿ ಬಂತು: "ಅಪ್ಪಾ, ನನಗೊಂದು ಸಂಶಯ ಅದ."

"ಎಲ್ಲಾರಿಗೂ ಅದ, ಸುಮ್ಕಿರು."

"ನಂದು ಬ್ಯಾರೆ ಸಂಶಯ. ಇವ ಛಲೋ ಮನಷಾ ಇರಬೇಕಂತ."

ಹುಡುಗಿ ಹೊರಗೆ ಬಂದಳು. ಕಪ್ಪಗೆ, ಕುಳ್ಳಗೆ, ಯಾರಿಗೂ ಅಂಜುವ ಪೈಕಿಯಲ್ಲ. "ನಮ್ಮೂರಾಗ ನಾಟಕ ಆದಾಗ ಹೆಣ್ಣಮಕ್ಕಳನ್ನ ರಂಗದ ಬಾಜೂಕ ಕೂಡಿಸಿದ್ರು. ಮುಂದ ಕುಂತವರಿಗೆ ರಾಣಿ ಬೀಳೋದಷ್ಟ ಕಾಣತದ. ಬಾಜೂಕ ಕುಂತವರಿಗೆ ಇವರ ಕೈ ಕಾಣತದ. ಬಲಗೈಲೆ ರಾಣೀನ ದಬ್ಬತಾರ. ಆಕಿ ಬೀಳೋಕಿಂತ ಮೊದಲ ಎಡಗೈ ಹೋಗಿ ರಂಗದ ಹಲಗಿ ಮ್ಯಾಲ ಬೀಳತದ. ಆಕಿ ತಲಿ ಇವರ ಕೈ ಮ್ಯಾಲ, ಇವರ ಕೈ ಹಲಗಿ ಮ್ಯಾಲ. ಬಾಯಾಗ ಮಾತ್ರ ನಗು!"

ಎಲ್ಲರೂ ದರ್ಜಿಯ ಕಡೆ ತಿರುಗಿದರು. ಅವನು ತಲೆ ಸವರಿಕೊಂಡ. "ಹೌದಲ್ರಿ... ಹತ್ತು ವರ್ಷ ಬಿದ್ದೀನಿ, ತಲಿಗೆ ಒಂದ ಪೆಟ್ಟೂ ಹತ್ತಿಲ್ಲ. ನನ್ನ ತಲಿನೇ ಗಟ್ಟಿ ಅಂತ ತಿಳದಿದ್ನಿ."

ಹುಡುಗಿಯ ಅಪ್ಪನಾದರೂ ಅಷ್ಟಕ್ಕೇ ನಂಬುವವನೇ? "ತೋರಸ್ರಿ," ಎಂದ. ಅಂಗಳದ ಹಾಸುಗಲ್ಲಿನ ಮೇಲೆ, ಸುತ್ತಲೂ ಕುರಿಮರಿಗಳ ನಡುವೆ, ಮಾವ ಒಂದು ಸಲ ನಕ್ಕು ದರ್ಜಿಯನ್ನು ದಬ್ಬಿದ. ಕುರಿಗಳು ಚೆದುರಿ ಓಡಿದವು. ದರ್ಜಿ ದೊಪ್ಪನೆ ಬಿದ್ದ. ಹುಡುಗಿಯ ಅಪ್ಪ ಬಗ್ಗಿ, ತಲೆಯ ಕೆಳಗಿದ್ದ ಕೈಯನ್ನು ಹೊರಗೆಳೆದು, ಕುರಿಯ ಗೊರಸು ನೋಡುವಂತೆ ತಿರುಗಿಸಿ ತಿರುಗಿಸಿ ನೋಡಿದ. ಹಳೆಯ ಗಾಯ ಒಡೆದು ರಕ್ತ ಬರುತ್ತಿತ್ತು.

"ಆತು, ಕೊಡ್ತೀನಿ," ಎಂದ. "ಆದ್ರೂ ಒಂದ ಕಣ್ಣ ಇಟ್ಟಿರತೀನಿ."

ಅವ್ವ ಆ ದಿನ ಊಟ ಮಾಡಲಿಲ್ಲ. ಬಂಡಿಯಲ್ಲಿ ತಮ್ಮನ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಊರು ಬರುವವರೆಗೂ ಅತ್ತಳು. ನಾನು ಅವಳನ್ನು ಸಮಾಧಾನ ಮಾಡಲಿಲ್ಲ, ಅಳಲಿ ಎನಿಸಿತು.

ಆ ಹುಡುಗಿ ನನ್ನ ಅತ್ತೆಯಾಗಿ ಬಂದ ಮೇಲೂ ಮಾವ ಎಷ್ಟೋ ವರ್ಷ ಸಾಯುತ್ತಲೇ ಇದ್ದ. ಸರ್ಕಾರಗಳು ಬದಲಾದವು, ರಾಜ್ಯದ ಹೆಸರೂ ಬದಲಾಯಿತು, ಅವನ ಪಾತ್ರ ಮಾತ್ರ ಬದಲಾಗಲಿಲ್ಲ. ಅತ್ತೆ ಒಂದು ನಾಟಕವನ್ನೂ ತಪ್ಪಿಸುತ್ತಿರಲಿಲ್ಲ. ಯಾವಾಗಲೂ ರಂಗದ ಬಾಜೂಕೇ ಕೂಡುತ್ತಿದ್ದಳು. ಮನೆಗೆ ಬಂದ ಮೇಲೆ ಅರಿಶಿನ ಹಚ್ಚುವ ಕೆಲಸ ಅವ್ವನಿಂದ ಅವಳಿಗೆ ವರ್ಗವಾಯಿತು. ಬೈಗುಳ ಮಾತ್ರ ಇರಲಿಲ್ಲ.

ಮಾವ ಖರೇ ಖರೇ ಸತ್ತದ್ದು ಒಂದು ಬೇಸಿಗೆಯ ಮಧ್ಯಾಹ್ನ, ಶಹಾಪುರದ ಮನೆಯಲ್ಲಿ. ಪಡಸಾಲೆ ತುಂಬ ಜನ. ಅಳಬೇಕೋ ಬೇಡವೋ ಯಾರಿಗೂ ತಿಳಿಯದು. "ತಡೀರಿ, ಏಳತಾನ," ಎಂದ ಒಬ್ಬ ಮುದುಕ ನಿಜವಾದ ಸಂಶಯದಿಂದ. ಈ ಒಂದು ಸಲ ಯಾರೂ ಚಪ್ಪಾಳೆ ಹೊಡೆಯಲಿಲ್ಲ.

ನಾಲ್ಕು ಜನ ಮಾವನನ್ನು ಮಂಚದಿಂದ ಕೆಳಗಿಳಿಸಿದರು. ಕಲ್ಲಿನ ನೆಲ. ಅವನ ತಲೆ ನೆಲ ಮುಟ್ಟುವಷ್ಟರಲ್ಲಿ ಅತ್ತೆ ತನ್ನ ಎಡಗೈ ಅದರ ಕೆಳಗೆ ಸರಿಸಿದಳು. "ಹಗೂರಕ," ಎಂದಳು. ಭಾರಕ್ಕೆ ಅವಳ ಕೈ ಕಲ್ಲಿಗೆ ಉಜ್ಜಿತು. ಬಹಳ ಹೊತ್ತು ಅವಳು ಆ ಕೈ ತೆಗೆಯಲಿಲ್ಲ.

ಮುಂದೆ ಕೂತವರಿಗೆ ಏನೂ ಕಾಣಲಿಲ್ಲ. ನಾನು ಬಾಜೂಕ ಕೂತಿದ್ದೆ.