ಹೋಲಿಕೆಗೆಂದು ಉಳಿಸಿಕೊಂಡ ಬೀದಿಯಿಂದ

ಸಾರ್ವಜನಿಕ ಆರೋಗ್ಯ ಸಂಶೋಧನಾ ಪತ್ರಿಕೆಯ ಘನತೆವೆತ್ತ ಸಂಪಾದಕರ ಸನ್ನಿಧಾನಕ್ಕೆ,

ಮಾನ್ಯರೇ,

ಚರಂಡಿ ಪಕ್ಕದ ಬೀದಿಯಲ್ಲಿ ಹೊಲಿಗೆ ಯಂತ್ರ ತುಳಿಯುವ ನಾನು, ತಮ್ಮ ಪತ್ರಿಕೆಯಿಂದ ಲೋಕಕ್ಕಾದ ಉಪಕಾರವನ್ನು ಕೊಂಡಾಡಲು ಕೈಮುಗಿದು ಈ ಪತ್ರ ಬರೆಯುತ್ತಿದ್ದೇನೆ. ನಮ್ಮ ನಲ್ಲಿಯ ನೀರಿಗೆ ಚರಂಡಿ ಸೇರುತ್ತಿದೆ ಎಂಬುದು ನಮ್ಮ ಮೂಗಿಗೆ ಎಂದೋ ಗೊತ್ತಿತ್ತು, ಆದರೆ ಮೂಗಿನ ಮಾತನ್ನು ನೀರು ಸರಬರಾಜು ಕಚೇರಿ ನಂಬುವುದಿಲ್ಲ. ನಮ್ಮ ಬೀದಿಯ ಕಾಯಿಲೆಗಳ ಲೆಕ್ಕ ಬರೆದುಕೊಳ್ಳಲು ಬರುವ ಡಾಕ್ಟರಮ್ಮ ಅದನ್ನೇ ತಮ್ಮ ಪತ್ರಿಕೆಯಲ್ಲಿ ಪ್ರಕಟಿಸಿದ ಮೇಲೆ ಕಚೇರಿಗೆ ಕಚೇರಿಯೇ ಎದ್ದು ಕುಳಿತಿತು. ನನ್ನ ಮಗಳ ಹೊಟ್ಟೆನೋವು ಬಣ್ಣದ ನಕ್ಷೆಯಾಯಿತು, ಡಾಕ್ಟರಮ್ಮನಿಗೆ ಬಡ್ತಿಯಾಯಿತು, ಕಚೇರಿಯ ಇಂಜಿನಿಯರರು ಆ ಪುಟಕ್ಕೆ ಕಟ್ಟು ಹಾಕಿಸಿ ಕುರ್ಚಿಯ ಹಿಂದೆ ತೂಗುಹಾಕಿದರು. ಮಗಳು ಮಾತ್ರ ಎಂದಿನಂತೆ ಹಾಸಿಗೆ ಹಿಡಿದಳು. ಕ್ರಿಮಿಗಳು ತಮ್ಮ ಚಂದಾದಾರರಲ್ಲವೆಂದು ಕಾಣುತ್ತದೆ.

ಕೊನೆಗೂ ಪೈಪು ಬದಲಿಸಲು ಗುದ್ದಲಿ ಬಂದಾಗ, ರಿಪೇರಿಯಾದ ಬೀದಿಯನ್ನೂ ಆಗದ ಬೀದಿಯನ್ನೂ ಹೋಲಿಸಿದರೆ ಮುಂದಿನ ಲೇಖನಕ್ಕೆ ತೂಕ ಬರುತ್ತದೆಂದು, ಲೇಖನ ಓದಿ ಒಪ್ಪಿಗೆ ಕೊಡುವ ತಮ್ಮ ಪರಿಶೀಲಕರು ಡಾಕ್ಟರಮ್ಮನಿಗೆ ಸಲಹೆ ಕೊಟ್ಟರಂತೆ. ಹಿಂದಿನ ಬೀದಿಗೆ ಹೊಸ ಪೈಪು ಸಿಕ್ಕಿತು, ನಮಗೆ ಹೋಲಿಕೆ ಸಿಕ್ಕಿತು. "ಸ್ವಲ್ಪ ತಡ್ಕೊಳ್ಳಿ ಅಕ್ಕ, ಈಗ್ಲೇ ರಿಪೇರಿ ಮಾಡಿಬಿಟ್ರೆ ಲೆಕ್ಕ ಕೆಟ್ಟೋಗುತ್ತೆ" ಎಂದು ಡಾಕ್ಟರಮ್ಮ ಭುಜ ತಟ್ಟಿದರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆ ಬಾಯಿಗೆ ಬಂದರೂ ವಿಜ್ಞಾನದ ಎದುರು ಗಾದೆ ಹೇಳಬಾರದೆಂದು ನುಂಗಿಕೊಂಡೆ. ಮಗಳ ಶಾಲೆಯ ಉಡುಪಿನ ಸೊಂಟವನ್ನು ಮತ್ತೆ ಮತ್ತೆ ಬಿಗಿ ಮಾಡುವಾಗ ಮಾತ್ರ ನನಗೆ ಅಳುವೂ ಬಂತು, ಸಿಟ್ಟೂ ಬಂತು.

ಆದುದರಿಂದ ಮುಂದಿನ ಸಂಚಿಕೆಯನ್ನು ದಯಮಾಡಿ ನೀರಿನಲ್ಲಿ ಕರಗುವ ಕಾಗದದಲ್ಲಿ ಮುದ್ರಿಸಿ ನಮ್ಮ ಪೈಪಿನೊಳಗೆ ಬಿಡಿ, ಕ್ರಿಮಿಗಳು ಓದಿ ನಾಚಿಕೊಂಡು ಊರು ಬಿಡಲಿ. ಅದಾಗದಿದ್ದರೆ ತಮ್ಮ ಪರಿಶೀಲಕರು ಹೆಂಡತಿ ಮಕ್ಕಳ ಸಮೇತ ನಮ್ಮ ಬೀದಿಯಲ್ಲಿ ವಾಸವಿದ್ದು ಹೋಲಿಕೆಯ ಪುಣ್ಯದಲ್ಲಿ ಪಾಲು ಪಡೆಯಲಿ. ಬಾಗಿಲಿಗೆ ಬಂದವರನ್ನು ನೀರು ಕೊಡದೆ ಕಳಿಸುವವರಲ್ಲ ನಾವು.

ಲೇಖನದ ಕೊನೆಯ ಸಾಲಿನಲ್ಲೂ ಹೆಸರಿಲ್ಲದ,
ತಮ್ಮ ವಿಶ್ವಾಸಿ,
ರಿಪೇರಿಯಾಗದ ಬೀದಿಯ ದರ್ಜಿ

ವಿ.ಸೂ.: ಈ ಪತ್ರ ಅಂಚೆಗೆ ಬೀಳದೆ ಕುಳಿತಿದ್ದಾಗ, ಕೊಳಾಯಿ ಕೆಲಸ ಮಾಡುವ ನನ್ನ ಮೈದುನ ನಮ್ಮ ಬೀದಿಯ ನಲ್ಲಿಗಳನ್ನೆಲ್ಲ ಸದ್ದಿಲ್ಲದೆ ಹಿಂದಿನ ಬೀದಿಯ ಹೊಸ ಪೈಪಿಗೆ ಜೋಡಿಸಿಬಿಟ್ಟ. ಮಗಳು ಈಗ ಬಡಿಸಿದ್ದನ್ನೆಲ್ಲ ಉಂಡು ಇನ್ನೂ ಕೇಳುತ್ತಾಳೆ. ಇದ್ಯಾವುದನ್ನೂ ಅರಿಯದ ಡಾಕ್ಟರಮ್ಮ, ಏನೂ ಮಾಡದೆ ಬಿಟ್ಟರೂ ರೋಗ ತಾನಾಗಿ ವಾಸಿಯಾಗುತ್ತದೆಂದು ಬೆರಗಾಗಿ ಬರೆಯುತ್ತಿದ್ದಾರಂತೆ. ಆ ಸಂಶೋಧನೆಯನ್ನು ಮುಖಪುಟದಲ್ಲೇ ಹಾಕಬೇಕಾಗಿ ಪ್ರಾರ್ಥನೆ.