ಟೈಲರ್ ಆರಿಸಿದ ನಳಿಕೆ

ಈ ಸಲವೂ ಭಾಮೈದ ಗೆದ್ದರೆ ಬಂದೂಕು ಕ್ಲಬ್ಬಿನ ಬೆಳ್ಳಿ ಬಟ್ಟಲು ಅವನ ಮನೆಯಲ್ಲೇ ಠಿಕಾಣಿ ಹೂಡುತ್ತಿತ್ತು. ಸತತ ಮೂರು ವರ್ಷ ಗೆದ್ದವರಿಗೆ ಅದು ಸ್ವಂತ. ಟೈಲರ್‌ಗೆ ಅದೇ ಸಂಕಟ. ಹೆಂಡತಿ ಬೆಳಿಗ್ಗೆಯೇ ಗಡಿಯಾರದ ಪಕ್ಕ ಬಟ್ಟಲಿಗೆಂದು ಜಾಗ ಒರೆಸಿಟ್ಟು, ತಮ್ಮ ಗೆದ್ದರೂ ತನಗೆ ಸಂತೋಷವೇ ಎಂದು ಬೇರೆ ಹೇಳಿದ್ದಳು.

ಇಷ್ಟು ದಿನ ಸೋತಿದ್ದಕ್ಕೆ ತನ್ನ ಕಣ್ಣು, ಕೈ ಕಾರಣವಲ್ಲ, ನಳಿಕೆಗೂ ತೋಟಾಕ್ಕೂ ಜೋಡಿ ಕೂಡದ್ದೇ ಕಾರಣ ಎಂದು ಟೈಲರ್ ತೀರ್ಮಾನಿಸಿದ್ದ. ಕಾಲರ್ ಕೂರದಿದ್ದರೆ ಗಿರಾಕಿಯ ಕತ್ತನ್ನು ಬೈಯಲಾಗುತ್ತದೆಯೇ? ಸ್ಪರ್ಧೆ ಇದ್ದದ್ದು ಸಂಜೆಗೆ. ಅವನು ಬೆಳಿಗ್ಗೆಯೇ ಅಂಗಡಿಗೆ ಬೀಗ ಜಡಿದು ಕ್ಲಬ್ಬಿಗೆ ಓಡಿದ.

ಅಲ್ಲಿ ಅವನ ಬಂದೂಕಿಗೆ ಹೊಂದುವ ನಳಿಕೆಗಳು ಎರಡು: ಉದ್ದನೆಯ ತೆಳುವಾದದ್ದು, ಗಿಡ್ಡನೆಯ ದಪ್ಪನೆಯದು. ಸಲಹೆಗಾರರೂ ಇಬ್ಬರು. ನಿವೃತ್ತ ಹೆಡ್‌ಮಾಸ್ತರು ಉದ್ದದ ಪಕ್ಷ, ಕನ್ನಡಕದ ಅಂಗಡಿಯವರು ದಪ್ಪದ ಪಕ್ಷ. ಟೈಲರ್ ವಯಸ್ಸಿಗೆ ಮರ್ಯಾದೆ ಕೊಟ್ಟು ಉದ್ದದ್ದನ್ನೇ ಮೊದಲು ಕೂರಿಸಿದ. ಅದು ಎರಡು ಗುಂಡು ನೆಟ್ಟಗೆ ಕಳಿಸಿ, ಬಿಸಿಯೇರಿದ ಮೇಲೆ ಉಳಿದವನ್ನು ಮನಸ್ಸಿಗೆ ಬಂದ ಕಡೆ ಅಟ್ಟಿತು.

"ಅದು ತೋಟಾದ ತಪ್ಪು. ಹಗುರ ಗುಂಡಿಂದು ಹಾಕಪ್ಪಾ," ಎಂದರು ಹೆಡ್‌ಮಾಸ್ತರು.

ಹಗುರದ್ದು ಗಾಳಿಯ ಜೊತೆ ಹೋಯಿತು. ಭಾರದ್ದು ಪಲ್ಟಿ ಹೊಡೆಯುತ್ತಾ ಹೋಗಿ ಗುರಿಹಲಗೆಯ ಕಾಗದವನ್ನು ಅಡ್ಡಡ್ಡ ಹರಿಯಿತು. ನಳಿಕೆಯೊಳಗಿನ ಸುರುಳಿ ಗೆರೆ ಸಡಿಲ, ಭಾರದ ಗುಂಡನ್ನು ಸಾಕಷ್ಟು ತಿರುಗಿಸುತ್ತಿಲ್ಲ ಎಂದು ಕನ್ನಡಕದವರು ಗೆದ್ದ ಮುಖ ಮಾಡಿದರು. ದಪ್ಪ ನಳಿಕೆ ಬಂತು; ಅದರ ಸುರುಳಿ ಬಿಗಿ. ಮಧ್ಯಾಹ್ನದ ಹೊತ್ತಿಗೆ ದಪ್ಪ ನಳಿಕೆಯೂ ಭಾರದ ಗುಂಡೂ ಕೂಡಿಕೊಂಡವು. ಹೊಡೆದ ಗುಂಡೆಲ್ಲಾ ಸೇರಿ ಬಿದ್ದದ್ದು ಅಂಗಿಯ ಕಾಜಾದಷ್ಟೇ ತೂತು! ತಾವು ಮೊದಲೇ ಹೇಳಿದ್ದು ಇದನ್ನೇ ಎಂದು ಹೆಡ್‌ಮಾಸ್ತರೂ ಪಕ್ಷ ಬದಲಿಸಿದರು. ಟೈಲರ್‌ನ ಸಂತೋಷ ಹೊಟ್ಟೆಯಲ್ಲಿ ಹಿಡಿಸಲಿಲ್ಲ. ಊಟವೂ ಬೇಡವಾಯಿತು.

ಸಂಜೆ ಭಾಮೈದ ಆಕಳಿಸುತ್ತಾ ಬಂದು, ಗುರಿಯಿಡಲು ಪಕ್ಕದ ಚಾಪೆಯಲ್ಲಿ ಬೋರಲು ಮಲಗಿದ. ತನ್ನ ಬಂದೂಕಿನದು ಯಾವ ನಳಿಕೆ ಎನ್ನುವುದೂ ಅವನಿಗೆ ಗೊತ್ತಿರಲಿಲ್ಲ.

"ಭಾವ, ಯಾವ ತೋಟಾ ಹಾಕ್ತಿದೀರಾ?"

ಟೈಲರ್ ಪೆಟ್ಟಿಗೆಯ ಮೇಲೆ ಕರ್ಚೀಫು ಹೊದಿಸಿದ.

ಶುರುವಾಯಿತು. ನಳಿಕೆ ಆರಲು ಬಿಡು ಎಂದು ಒಂದು ಕಿವಿಯಲ್ಲಿ ಹೆಡ್‌ಮಾಸ್ತರು, ಗಾಳಿ ನೋಡು ಎಂದು ಇನ್ನೊಂದರಲ್ಲಿ ಕನ್ನಡಕದವರು. ಟೈಲರ್ ಎಲ್ಲವನ್ನೂ ನೋಡಿದ. ಹತ್ತು ಗುಂಡೂ ರೇಷ್ಮೆಗೆ ಸೂಜಿ ಹೋದಂತೆ ಹೋದವು.

ಕಾಗದಗಳು ಬಂದವು. ಟೈಲರ್‌ನದನ್ನು ಕೊಂಡ ಅಂಗಡಿಗೇ ವಾಪಸ್ ಕೊಡಬಹುದಿತ್ತು, ಒಂದು ಗೀರೂ ಇರಲಿಲ್ಲ. ಭಾಮೈದನ ಕಾಗದದ ತುಂಬಾ ಸಾಸಿವೆ ಚೆಲ್ಲಿದ ಹಾಗೆ ತೂತುಗಳು. ನಟ್ಟನಡುವೆ ಮಾತ್ರ ಅಂದವಾದ ಒಂದು ಕಾಜಾ. ತನ್ನ ಕೈಕೆಲಸವನ್ನು ಟೈಲರ್ ತಕ್ಷಣ ಗುರುತಿಸಿದ.

"ಗುರಿಹಲಗೆ ಮೇಲೆ ನಂಬರ್ ಇರತ್ತಲ್ರೀ, ನೋಡ್ಲಿಲ್ವಾ?" ಎಂದು ಕನ್ನಡಕದವರು ಮೆಲ್ಲಗೆ ಕೇಳಿದರು.

ಒಬ್ಬರ ಕಾಗದಕ್ಕೆ ಹೆಚ್ಚು ಗುಂಡು ಬಿದ್ದರೆ ಅತ್ಯುತ್ತಮವಾದ ಹತ್ತು ಆ ಕಾಗದದವರಿಗೇ ಸೇರಬೇಕೆಂದು ಕ್ಲಬ್ಬಿನ ನಿಯಮ. ಬಟ್ಟಲು ಭಾಮೈದನ ಪಾಲಾಯಿತು.

ಟೈಲರ್ ಮನೆ ಸೇರುವಷ್ಟರಲ್ಲಿ ಭಾಮೈದ ಆ ಕಾಗದದ ನಡುಭಾಗವನ್ನು ಕತ್ತರಿಸಿ ಅಕ್ಕನಿಗೆ ಕೊಟ್ಟು ಹೋಗಿದ್ದ. ಅವಳು ಅದನ್ನು ಗಡಿಯಾರದ ಪಕ್ಕ, ಒರೆಸಿಟ್ಟ ಜಾಗದಲ್ಲೇ ನಿಲ್ಲಿಸಿದ್ದಳು.

"ತಮ್ಮನ ಗುರಿ ನೋಡಿ, ನೀವು ಕಾಜಾ ಹಾಕಿದ ಹಾಗಿದೆ."

ಟೈಲರ್ ಬಹಳ ಹೊತ್ತು ನೋಡಿದ. ಒಂದು ಎಳೆಯೂ ಆಚೀಚೆ ಆಗಿರಲಿಲ್ಲ. ಮನಸ್ಸು ತುಂಬಿ ಬಂತು.

"ನಳಿಕೆ ಒಳ್ಳೇದು ಕಣೇ," ಎಂದ.

"ಹಾಗಾದ್ರೆ ಅವನನ್ನ ಕೇಳ್ಕೊಂಡು, ಮುಂದಿನ ಸಲ ನೀವೂ ಅಂಥದ್ದರಲ್ಲೇ ಹೊಡೀರಿ," ಎಂದಳು ಹೆಂಡತಿ.