ಕತ್ತರಿ ಹಿಡಿದವನ ಮೇಲೆ ಎಲ್ಲರ ಕಣ್ಣು

ಮನುಷ್ಯ ನಿವೃತ್ತನಾದ ಮೇಲೆ ಗಿಡ ನೆಟ್ಟರೆ ಯಾರೂ ಏನೂ ಕೇಳುವುದಿಲ್ಲ. ಭಜನೆಗೆ ಕೂತರೆ ಮರ್ಯಾದೆಯನ್ನೇ ಕೊಡುತ್ತಾರೆ. ಆದರೆ ಕತ್ತರಿ, ಅಂಟು, ಹಳೆಯ ಕಾಗದ ಇಟ್ಟುಕೊಂಡು ಕೂತವನನ್ನು ಮಾತ್ರ ಕಂಡಕಂಡವರೆಲ್ಲ ಅನುಮಾನದಿಂದ ನೋಡುತ್ತಾರೆ. ನನಗೆ ವಾರಕ್ಕೊಂದಾದರೂ ಇಂಥದ್ದು ಆಗುತ್ತಲೇ ಇರುತ್ತದೆ. ಖರೇ ಹೇಳಬೇಕೆಂದರೆ, ಏನೂ ಆಗದ ವಾರ ನನಗೇ ಬೇಸರ.

ನಾನು ಬೆಳಗಾವಿಯ ಒಂದು ಕಾಲೇಜಿನಲ್ಲಿ ಮೂವತ್ತು ವರ್ಷ ಗ್ರಂಥಪಾಲಕನಾಗಿದ್ದವನು. ಯಾರಾದರೂ ಹಾಳೆಯ ಮೂಲೆ ಮಡಚಿದರೂ ನಿಲ್ಲಿಸಿಕೊಂಡು ಅರ್ಧ ತಾಸು ಉಪದೇಶ ಮಾಡುತ್ತಿದ್ದೆ. ನಿವೃತ್ತಿಯ ಮರುವರ್ಷ ಪೀರನವಾಡಿಯ ಒಬ್ಬ ಡ್ರಾಯಿಂಗ್ ಮಾಸ್ತರರು ಒಂದೇ ಹಾಳೆಯಿಂದ ಕುದುರೆ ಮಾಡಿ ನನ್ನ ಅಂಗೈ ಮೇಲೆ ನಿಲ್ಲಿಸಿದರು. ಅವತ್ತೇ ನಾನು ಕೆಟ್ಟೆ. ಈಗ ಅನಗೋಳದ ನಮ್ಮ ಮನೆಯಲ್ಲಿ ಷೋಕೇಸಿನ ಮೇಲೆ ಆನೆ, ಕಿಟಕಿಯಲ್ಲಿ ನವಿಲು, ಟಿವಿ ಪಕ್ಕ ಮೊಸಳೆ. ಎಲ್ಲವೂ ಕಾಗದದ್ದೇ.

ಹೆಂಡತಿ ಮೊದಲ ದಿನವೇ ಕರಾರು ಹಾಕಿದಳು.

“ನೋಡ್ರಿ, ತಿಜೋರ್ಯಾಗ ನಮ್ಮ ತಮ್ಮನ ವಾಟ್ಣಿ ಪತ್ರ ಐತಿ. ಅದಕ್ಕೇನರೆ ನಿಮ್ಮ ಕತ್ರಿ ತಗಲಿತಂದ್ರ ನಾ ತವರಿಗೆ ಮುಖಾ ತೋರ್ಸೂ ಹಂಗಿಲ್ಲ. ನೀವು ಮತ್ತ ಕತ್ರಿ ಮುಟ್ಟೂ ಹಂಗಿಲ್ಲ.”

ಅದು ಖಾನಾಪುರದ ಹೊಲದ ಪಾಲುಪತ್ರ. ಅಲ್ಲಿಯ ಮಳೆಗೆ ಕಾಗದ ಬೂಷ್ಟು ಹಿಡಿಯುತ್ತದೆಂದು ಅವಳ ತಮ್ಮ ಅದನ್ನು ಅಕ್ಕನ ಬಳಿ ಇಟ್ಟಿದ್ದ. ಅವರಪ್ಪ, ಚಿಕ್ಕಪ್ಪಂದಿರ ಸಹಿ ಇರುವ, ಹಳದಿಗಟ್ಟಿದ, ಗಟ್ಟಿಮುಟ್ಟಾದ ಕಾಗದ. “ಇಂಥಾ ಕಾಗದಾ ಸಿಕ್ಕರ ಗರಿ ಏನ್ ಚಂದ ಬರ್ತಾವು!” ಎಂದು ಒಮ್ಮೆ ಬಾಯಿ ತಪ್ಪಿ ಹೊಗಳಿದೆ. ಅವತ್ತಿನಿಂದ ತಿಜೋರಿಯ ಕೀಲಿ ಅವಳ ಸೊಂಟ ಬಿಟ್ಟು ಇಳಿಯಲಿಲ್ಲ.

ರದ್ದಿ ಅಂಗಡಿಯವನ ತಪ್ಪೊಪ್ಪಿಗೆ

ರದ್ದಿ ಅಂಗಡಿಗೆ ಎಲ್ಲರೂ ರದ್ದಿ ಹಾಕಲು ಹೋಗುತ್ತಾರೆ. ನಾನು ಕೊಳ್ಳಲು ಹೋಗುತ್ತೇನೆ. ಅದೂ ಒಂದೊಂದೇ ಹಾಳೆಯನ್ನು ಬೆಳಕಿಗೆ ಹಿಡಿದು, ಮೂಸಿ, ಕಿವಿಯ ಹತ್ತಿರ ತಂದು ಬೆರಳಿನಿಂದ ಟಕ್ ಅನ್ನಿಸಿ. ಅಂಗಡಿಯವನು ಮೂರು ಸಲ ಸುಮ್ಮನೆ ನೋಡಿದ. ನಾಲ್ಕನೆಯ ಸಲ ಒಳಗೆ ಕರೆದು, ಶಟರ್ ಅರ್ಧ ಇಳಿಸಿ, ಚಹಾ ತರಿಸಿದ.

“ಸರ, ನೀವು ಯಾಕ ಬರಾಕತ್ತೀರಿ ಅಂತ ನನಗ ಗೊತ್ತಾಗೇತ್ರಿ.”

“ಏನ್ ಗೊತ್ತಾಗೇತಿ?”

ಕುರ್ಚಿಯ ಕೆಳಗಿನಿಂದ ಬಟ್ಟೆ ಸುತ್ತಿದ ಒಂದು ದಪ್ಪ ನಿಘಂಟು ತೆಗೆದು ನನ್ನ ತೊಡೆಯ ಮೇಲಿಟ್ಟ. ಒಳಗೆ ನಮ್ಮ ಕಾಲೇಜಿನ ಮುದ್ರೆ, ಅದರ ಕೆಳಗೆ ನನ್ನದೇ ಸಹಿ!

“ಬಿ.ಎ. ಎರಡನೇ ವರ್ಷದಾಗ ಒಯ್ದಿದ್ನಿರಿ. ವಾಪಸ್ ಕೊಡಾಕ ಆಗಲಿಲ್ಲ. ಆದ್ರ ರಿಟಾಯರ್ ಆದ ಮ್ಯಾಲೂ ನೀವು ಹಿಂಗ ಹುಡುಕ್ಕೋತ ಬರ್ತೀರಿ ಅಂತ ಕನಸಿನ್ಯಾಗೂ ಅನ್ಕೊಂಡಿರಲಿಲ್ಲ ಬಿಡ್ರಿ.”

ಅಲ್ಲಪ್ಪಾ, ನಾನು ಬಂದದ್ದು ಪುಸ್ತಕಕ್ಕಲ್ಲ, ಹಕ್ಕಿಯ ಗರಿ ಮಾಡಲು ಕಾಗದ ಬೇಕಾಗಿತ್ತು, ಅಷ್ಟೇ ಎಂದೆ. ಅವನು ಒಂದು ಕ್ಷಣ ನನ್ನ ಮುಖ ನೋಡಿದ. ಆಮೇಲೆ ಕೈ ಚಾಚಿದ.

“ಹಂಗಾರ ಅದನ್ನ ಇತ್ತಾಗ ಕೊಡ್ರಿ.”

ಪೀರನವಾಡಿಯ ಮುಚ್ಚಿದ ಬಾಗಿಲು

ರವಿವಾರ ಮಧ್ಯಾಹ್ನ ಮಾಸ್ತರರ ಮನೆಯಲ್ಲಿ ನಾವು ಐದು ಮಂದಿ ಕಾಗದದವರು ಸೇರುತ್ತೇವೆ. ನಮ್ಮ ಕೆಲಸಕ್ಕೆ ದೊಡ್ಡ ವೈರಿ ಗಾಳಿ. ಹಾಗಾಗಿ ಎಂಥ ಬೇಸಿಗೆಯಿದ್ದರೂ ಬಾಗಿಲು ಹಾಕಿ, ಕಿಟಕಿ ಬಂದ್ ಮಾಡಿ, ಫ್ಯಾನ್ ಆಫ್ ಮಾಡುತ್ತೇವೆ. ಬರೀ ಬನಿಯನ್ನಿನಲ್ಲಿ ಕೂತು, ಬೆವರು ಒರೆಸಿಕೊಳ್ಳುತ್ತ, ಉಸಿರು ಕೂಡ ಮೂಗಿನಿಂದ ಮೆಲ್ಲಗೆ. ಮಾತು ಪೂರ್ತಿ ನಿಷಿದ್ಧ. ನನ್ನಂಥವನಿಗೆ ಅದು ಎಂಥ ಶಿಕ್ಷೆ ಎಂದು ನೀವು ಈಗಾಗಲೇ ಊಹಿಸಿರುತ್ತೀರಿ.

ಬಾಜೂ ಮನೆಯವರು ತಿಂಗಳುಗಟ್ಟಲೆ ನೋಡಿ ಒಂದು ತೀರ್ಮಾನಕ್ಕೆ ಬಂದರು. ಒಂದು ರವಿವಾರ ಬಾಗಿಲು ಧಡ್ ಎಂದು ತೆರೆಯಿತು. ಎದುರಿಗೆ ಪೊಲೀಸಪ್ಪ. ಅವನ ಹಿಂದೆ ಗಾಳಿ. ಮೂರು ವಾರದಿಂದ ಕತ್ತರಿಸಿಟ್ಟಿದ್ದ ನವಿಲುಗರಿಗಳೆಲ್ಲ ಎದ್ದು ಅವನ ಮೀಸೆ, ಟೋಪಿ, ಭುಜದ ಮೇಲೆ ಕೂತವು.

“ಎಲ್ಲಿ ಅದಾವ ಇಸ್ಪೀಟಿನ ಎಲಿ?”

“ಇಸ್ಪೀಟ್ ಅಲ್ರಿ. ನವಿಲಿಗೆ ಗರಿ ಹಚ್ಚಾಕತ್ತೀವಿ,” ಎಂದರು ಮಾಸ್ತರರು.

ಅವನು ಹಾಸಿಗೆಯ ಕೆಳಗೆ ಬಗ್ಗಿ ನೋಡಿದ. ಅಡಿಗೆಮನೆಗೂ ಹೋಗಿಬಂದ. ಕೊನೆಗೆ ನೋಟ್‌ಬುಕ್ ತೆಗೆದು ಪೆನ್ನು ಹಿಡಿದ.

“ಐದ ಮಂದಿ ಹಿರ್‍ಯಾರು, ಬನಿಯನ್ ಮ್ಯಾಲ, ಬಾಗಲಾ ಹಾಕ್ಕೊಂಡು, ಫ್ಯಾನ್ ಆಫ್ ಮಾಡಿ, ನವಿಲಿಗೆ ಗರಿ ಹಚ್ಚಾಕತ್ತಿದ್ರು… ಇದನ್ನ ನಾ ಹೆಂಗ ಬರೀಲಿ ಸಾಹೇಬ್ರ? ಇಸ್ಪೀಟ ಅಂತ ಒಪ್ಕೊಂಡಬಿಡ್ರಿ, ನಿಮ್ಮ ಮರ್ಯಾದಿನೂ ಉಳೀತೈತಿ.”

ಹನ್ನೊಂದು ನಂಬರ್ ಬ್ಲೇಡು

ಸೂಕ್ಷ್ಮ ಕೆಲಸಕ್ಕೆ ಕತ್ತರಿ ಸಾಲುವುದಿಲ್ಲ. ಡಾಕ್ಟರರು ಆಪರೇಷನ್ನಿಗೆ ಬಳಸುವ ಹನ್ನೊಂದು ನಂಬರ್ ಬ್ಲೇಡೇ ಬೇಕು. ಔಷಧ ಅಂಗಡಿಯಲ್ಲಿ ಕೇಳಿದೆ.

“ಯಾರಿಗ್ರಿ ಆಪರೇಷನ್?”

“ಹಕ್ಕಿಗೆ. ಹೊಟ್ಟಿ ಕೊಯ್ಯೂದೈತಿ.”

“ಅಯ್ಯ ಪಾಪ! ನೋವಿಗೆ ಏನ್ ಕೊಡ್ತೀರಿ?”

“ಏನೂ ಇಲ್ಲ. ಕಡೀಕ ಅಂಟು ಹಚ್ಚಿಬಿಡ್ತೀನಿ.”

ಅವನು ಬ್ಲೇಡನ್ನು ಮತ್ತೆ ಡಬ್ಬಿಯಲ್ಲಿ ಹಾಕಿದ. ಮರುದಿನ ಹೆಂಡತಿಯನ್ನು ಕಳಿಸಿದೆ. ಯಾರಿಗೆ ಎಂದು ಅವಳನ್ನೂ ಕೇಳಿದನಂತೆ. ಅವಳು, “ನಮ್ಮ ಮನಿಯವರ ಸಲುವಾಗಿ,” ಅಂದಳಂತೆ. ಒಂದು ಕೇಳಿದ್ದಕ್ಕೆ ಎರಡು ಕಟ್ಟಿಕೊಟ್ಟ.

ಮಂಗಟ್ಟೆಗೆ ನೀರು

ಆ ಬ್ಲೇಡಿನಿಂದ ನಾನು ನಾಲ್ಕು ತಿಂಗಳು ಕೂತು ಮಾಡಿದ್ದು ಒಂದು ಮಂಗಟ್ಟೆ. ಖಾನಾಪುರದ ಕಾಡಿನಲ್ಲಿ ಇರುತ್ತದಲ್ಲ, ಕೊಕ್ಕಿನ ಮೇಲೆ ಇನ್ನೊಂದು ಕೊಕ್ಕು ಹೊತ್ತಂತೆ ಕಾಣುವ ದೊಡ್ಡ ಹಕ್ಕಿ, ಅದು. ಅಷ್ಟೇ ದೊಡ್ಡದು. ಸಾವಿರದ ಹತ್ತಿರ ಗರಿ. ಅರಿಷಿಣ ಬಣ್ಣದ ಲಗ್ನಪತ್ರಿಕೆಗಳಿಂದ ಕೊಕ್ಕು. ಹೊಟ್ಟೆಯನ್ನು ಮಾತ್ರ ಕೊನೆಗೆ ಮುಚ್ಚೋಣವೆಂದು ತೆರೆದಿಟ್ಟಿದ್ದೆ.

ಆಗಲೇ ಹೆಂಡತಿ ಮಗಳ ಬಾಣಂತನಕ್ಕೆಂದು ಒಂದು ತಿಂಗಳು ಧಾರವಾಡಕ್ಕೆ ಹೋದಳು. ನನಗೊಂದು ಉಪಾಯ ಹೊಳೆಯಿತು. ಖಾನಾಪುರದಲ್ಲಿ ಅವಳ ತಮ್ಮ ಹೊಸ ಮನೆ ಕಟ್ಟಿಸಿದ್ದ. “ಮಾಮಾ, ನನ್ನ ಹಾಲಿಗೆ ಒಂದ ಹಕ್ಕಿ ಮಾಡಿ ಕೊಡ್ರಿ,” ಎಂದು ಕೇಳಿಯೂ ಇದ್ದ. ಹೆಂಡತಿ ಬರುವುದರೊಳಗೆ ಅವಳ ತವರಿಗೆ ಉಡುಗೊರೆ! ಹೊಟ್ಟೆ ಮುಚ್ಚಿ, ಗರಿ ಅಂಟಿಸಿ, ಬಸ್ಸು ಹತ್ತಿದೆ.

ತೊಡೆಯ ಮೇಲೆ ಹಕ್ಕಿ, ಅದರ ಮೇಲೆ ಟವೆಲ್. ಬಸ್ಸು ಹೊರಟಿದ್ದೇ ಗಾಳಿಗೆ ಟವೆಲ್ ಸರಿದು ರೆಕ್ಕೆ ಪಟಪಟ ಅಂದವು.

ಕಂಡಕ್ಟರ್ ಬಂದ. “ಏನ್ರಿ ಅಜ್ಜಾರ, ಎಲ್ಲಾರೂ ಖಾನಾಪುರ ಕಾಡಿನಿಂದ ಬೆಳಗಾವಿಗೆ ಹಕ್ಕಿ ಕಳವು ಮಾಡ್ತಾರ. ನೀವು ಉಲ್ಟಾ ಹೊಂಟೀರಲ್ಲ?”

“ಕಾಗದದ್ದಪ್ಪಾ!”

ಅವನು ಕಿವಿ ಹಚ್ಚಿದ. “ಹೊಟ್ಟ್ಯಾಗ ಏನೋ ಸರಸರ ಅನ್ನಾಕತ್ತೈತಿ.”

“ಅದs ನನ್ನ ಕೈಚಳಕ,” ಎಂದೆ ಹೆಮ್ಮೆಯಿಂದ.

ಪಕ್ಕದಲ್ಲಿದ್ದ ಮರಾಠಿ ಅಜ್ಜಿಗೆ ನನ್ನ ಒಂದು ಮಾತೂ ನಂಬಿಕೆಯಾಗಲಿಲ್ಲ. ಹಕ್ಕಿ ಬಾಯಾರಿ ಸುಮ್ಮನಾಗಿದೆ ಎಂದುಕೊಂಡು ಬಾಟಲಿಯ ಮುಚ್ಚಳ ತೆಗೆದು ಕೊಕ್ಕಿಗೆ ನೀರು ಹಿಡಿಯಲು ಬಂದಳು. “ನೀರು ಬ್ಯಾಡ! ಒಂದ ಹನಿ ಸೈತ ಬ್ಯಾಡ!” ಎಂದು ಕಿರುಚಿ ಬಾಟಲಿ ಕಸಿದುಕೊಂಡೆ. ಇಡೀ ಬಸ್ಸು ಕನ್ನಡದಲ್ಲೂ ಮರಾಠಿಯಲ್ಲೂ ಖಾನಾಪುರ ಬರುವವರೆಗೆ ನನಗೆ ಛೀಮಾರಿ ಹಾಕಿತು.

ಹೆಂಡತಿಯ ತಮ್ಮನಿಗೆ ಖುಷಿಯೋ ಖುಷಿ. ಯಾರ ಕೈಗೂ ಸಿಗಬಾರದೆಂದು ಹಾಲಿನ ನಡುವೆ, ಛತ್ತಿನ ಕೊಂಡಿಗೆ ತೂಗುಹಾಕಿದ. ನಮ್ಮ ಅತ್ತೆಗೆ ಕಣ್ಣು ಮಬ್ಬು. ಅವರು ದಿನಾ ಅದರ ಕೆಳಗೆ ಒಂದು ಹಿಡಿ ಅಕ್ಕಿ ಇಡತೊಡಗಿದರು. ವಾರದ ಮೇಲೆ ನನಗೆ ಫೋನಿನಲ್ಲಿ ಗುಟ್ಟಾಗಿ ಹೇಳಿದರು: “ಒಂದ ಕಾಳೂ ಮುಟ್ಟವಲ್ದು. ನನಗೇನೋ ಬಸರೈತಿ ಅನಸ್ತದ.”

ಹೆಂಡತಿಗೆ ಕಲಾಭಿರುಚಿ ಬಂದದ್ದು

ಹೆಂಡತಿ ಧಾರವಾಡದಿಂದ ಬಂದಳು. ಹಕ್ಕಿ ಖಾನಾಪುರಕ್ಕೆ ಹೋಯಿತು ಎಂದೆ. ಅವಳ ಮುಖ ಬಿಳಿಚಿತು.

“ಹೊಟ್ಟಿ… ಹೊಟ್ಟಿ ಮುಚ್ಚಿದ್ರೇನು?”

“ಹಿಂಗ ಮುಚ್ಚೀನಿ ನೋಡು, ದೇವರು ಬಂದ್ರೂ ಗುರ್ತಾ ಸಿಗೂದಿಲ್ಲ.”

ಅವಳು ಕೂತೇಬಿಟ್ಟಳು. ಆನಂದಕ್ಕೆ ಮಾತು ಹೊರಡಲಿಲ್ಲ ಎಂದುಕೊಂಡೆ.

ಆಮೇಲೆ ನಡೆದದ್ದನ್ನು ನೆನೆದರೆ ಈಗಲೂ ಮೈ ಬೆಚ್ಚಗಾಗುತ್ತದೆ. ನಾಲ್ಕು ವರ್ಷ ನನ್ನ ಕೆಲಸವನ್ನು ಕಸ ಅನ್ನುತ್ತಿದ್ದವಳು, ಹದಿನೈದು ದಿನಕ್ಕೊಮ್ಮೆ “ನಡೀರಿ, ಹಕ್ಕಿ ನೋಡ್ಕೊಂಡ ಬರೂಣು,” ಅನ್ನತೊಡಗಿದಳು. ಹೋದವಳು ಅದರ ಕೆಳಗೆ ಕತ್ತೆತ್ತಿ ನಿಂತುಬಿಡುವಳು. “ಒಂದೀಟ ಕೆಳಗ ಇಳಸ್ರಿ, ಧೂಳಾ ಝಾಡಸ್ತೀನಿ,” ಅನ್ನುವಳು. ಕಲಾಕೃತಿಯನ್ನು ಮುಟ್ಟಬಾರದು, ದೂರದಿಂದ ಸವಿಯಬೇಕು ಎಂದು ನಾನು ಪ್ರೀತಿಯಿಂದ ತಿಳಿಹೇಳುವೆ. ಅವಳ ಕಣ್ಣಲ್ಲಿ ನೀರು!

ರವಿವಾರದ ಗೆಳೆಯರಿಗೆಲ್ಲ ಹೇಳಿಕೊಂಡು ತಿರುಗಿದೆ. ಡ್ರಾಯಿಂಗ್ ಮಾಸ್ತರರೊಬ್ಬರೇ ಕನ್ನಡಕದ ಮೇಲಿನಿಂದ ನೋಡಿದರು.

“ನಲವತ್ತ ವರ್ಷ ಡ್ರಾಯಿಂಗ್ ಕಲಿಸೀನಿ. ನಮ್ಮ ಮನ್ಯಾಗ ಇನ್ನೂ ಯಾರಿಗೂ ಹಿಂಗ ಆಗಿಲ್ಲ. ಡಾಕ್ಟರ್‌ಗೆ ತೋರಿಸ್ರಿ.”

ಹೊಲ ಹುಡುಕಿದ್ದು

ನಾಲ್ಕು ತಿಂಗಳು ಹೀಗೇ ಕಳೆದ ಮೇಲೆ ಒಂದು ಶನಿವಾರ ಮುಂಜಾನೆ ಅವಳ ತಮ್ಮ ಬೆಳಗಾವಿಗೆ ಓಡಿಬಂದ. ಬಾಜೂ ಹೊಲದವನು ಬದು ಒತ್ತಿದ್ದಾನೆ, ಸೋಮವಾರ ಹೊಲದ ಅಳತೆ ಮಾಡಲು ಬರುತ್ತಾರೆ, ಝೆರಾಕ್ಸ್ ನಡೆಯುವುದಿಲ್ಲ, ಮೂಲ ವಾಟ್ಣಿ ಪತ್ರವೇ ಬೇಕು. ಅದಿಲ್ಲದಿದ್ದರೆ ಬದು ಹೋದಂತೆಯೇ.

ಅಕ್ಕನಿಂದ ಕೀಲಿ ಇಸಿದುಕೊಂಡು ತಿಜೋರಿ ತೆರೆದ. ಫೈಲು ಖಾಲಿ.

ಅವನು ನನ್ನನ್ನು ನೋಡಿದ. ಆಮೇಲೆ ಷೋಕೇಸಿನ ಮೇಲಿದ್ದ ಆನೆಯನ್ನು ನೋಡಿದ. ಮತ್ತೆ ನನ್ನನ್ನು ನೋಡಿದ.

“ಮಾಮಾ, ನನ್ನ ಹೊಲ ಎಲ್ಲೈತಿ?”

“ನಿನ್ನ ಹೊಲಾ ನಾ ಮುಟ್ಟಿಲ್ಲೋ!”

ಭೂತಗನ್ನಡಿ ಹಿಡಿದು ಆನೆಯ ಸುತ್ತ ತಿರುಗಿದ. “ಇಲ್ಲಿ ನೋಡ್ರಿ! ಕಿವ್ಯಾಗ ಬರದೈತಿ, ‘ಪೂರ್ವಕ್ಕೆ ಹಳ್ಳ’ ಅಂತ. ನಮ್ಮ ಹೊಲದ ಪೂರ್ವಕ್ಕೂ ಹಳ್ಳ ಐತಿ!”

“ಅದು ರದ್ದಿ ಕಾಗದಾ. ಹಳ್ಳ ಎಲ್ಲಾರ ಹೊಲಕ್ಕೂ ಇರತಾವು.”

ಆನೆಯ ಕಿವಿ ಕಿತ್ತ. ಪಶ್ಚಿಮಕ್ಕೆ ಏನಿದೆ ಎಂದು ಸೊಂಡಿಲು ಬಿಚ್ಚಿದ. ದಕ್ಷಿಣಕ್ಕಾಗಿ ಬಾಲ. ಒಂದು ತಾಸಿನಲ್ಲಿ ನನ್ನ ಆನೆ ನೆಲದ ಮೇಲೆ ಹರಡಿತ್ತು. ನಿಜ ಹೇಳಲೇ? ಅಷ್ಟರಲ್ಲಿ ನನಗೇ ನನ್ನ ಮೇಲೆ ಅನುಮಾನ ಬಂದಿತ್ತು. ಯಾವುದೋ ಗುಂಗಿನಲ್ಲಿ ಕತ್ತರಿಸಿಬಿಟ್ಟೆನೇನೋ! ಮೆಲ್ಲಗೆ ಕತ್ತರಿ ತೆಗೆದು ಅವನ ಮುಂದಿಟ್ಟೆ.

“ಇನ್ನ ಮುಂದ ಮುಟ್ಟೂದಿಲ್ಲಪಾ.”

ಆಗ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಸೆರಗಿನಿಂದ ಮುಖ ಒರೆಸಿಕೊಂಡಳು.

“ತಮ್ಮಾ, ಅವರನ್ನ ಬಿಡು. ನಿನ್ನ ಹೊಲ ನಿನ್ನ ಹಾಲಿನ್ಯಾಗs ಜೋತಾಡಾಕತ್ತೈತಿ.”

ವಿಷಯ ಇಷ್ಟು. ತಾನು ಧಾರವಾಡಕ್ಕೆ ಹೋದರೆ ಮನೆಯಲ್ಲಿ ನಾನೊಬ್ಬ, ಕತ್ತರಿಯೊಂದು. ತಿಜೋರಿಯ ಮೇಲೂ ಅವಳಿಗೆ ನಂಬಿಕೆ ಇರಲಿಲ್ಲ. ಪತ್ರವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಮಂಗಟ್ಟೆಯ ಹೊಟ್ಟೆಯೊಳಗೆ ಮೇಲಕ್ಕೆ ತುರುಕಿ ಹೋಗಿದ್ದಳು. ನಾನು ಅದರ ಮೇಲೆ ಗರಿ ಅಂಟಿಸಿ, ಅದರ ಮಾಲಕನ ಮನೆಗೇ ಮುಟ್ಟಿಸಿ ಬಂದಿದ್ದೆ. ಗೊತ್ತಾದರೆ ತವರಿಗೆ ಮುಖ ತೋರಿಸುವುದು ಹೇಗೆಂದು ಅವಳು ಯಾರ ಮುಂದೂ ಬಾಯಿ ಬಿಟ್ಟಿರಲಿಲ್ಲ.

“ಜಗತ್ತಿನ್ಯಾಗ ಅಷ್ಟ ಜಾಗಾ ಇದ್ವು, ಅಲ್ಲೇ ಯಾಕವಾ?” ಎಂದ ತಮ್ಮ.

“ಇವರು ಯಾವ ಕಾಗದಾ ಬೇಕಾದ್ರೂ ಕತ್ತರಸ್ತಾರ. ತಾವು ಮಾಡಿದ್ದಕ್ಕ ಮಾತ್ರ ಕೈ ಹಚ್ಚೂದಿಲ್ಲ. ಅದಕ್ಕಿಂತ ಭದ್ರ ತಿಜೋರಿ ಎಲ್ಲೈತಿ ಹೇಳು?”

ಅಂದರೆ ನಾಲ್ಕು ತಿಂಗಳ ಕಲಾಭಿರುಚಿಯ ಗುಟ್ಟು ಇದು! ಆದರೂ ಈ ಮಾತು ಕೇಳಿ ನನಗೆ ಒಳಗೊಳಗೇ ಖುಷಿಯೇ ಆಯಿತು, ಸುಳ್ಳೇಕೆ.

ಮೂವರೂ ಖಾನಾಪುರಕ್ಕೆ ಹೋದೆವು. ಮಂಗಟ್ಟೆಯನ್ನು ಇಳಿಸಿ ಚಾಪೆಯ ಮೇಲೆ ಅಂಗಾತ ಮಲಗಿಸಿದೆವು. ತಮ್ಮ ನನ್ನ ಕೈಗೆ ಬ್ಲೇಡು ಕೊಟ್ಟ. ಸಾವಿರಾರು ಹಾಳೆ ಕೊಯ್ದ ಕೈ, ಅವತ್ತು ಮುಂದೆ ಹೋಗಲೊಲ್ಲದು. ಹೆಂಡತಿ ನನ್ನ ಹಣೆಯ ಬೆವರು ಒರೆಸಿದಳು. “ಧೈರ್ಯಾ ಮಾಡ್ರಿ. ಕಡೀಕ ಅಂಟು ಹಚ್ಚೂಣಂತ.”

ಒಂದು ಗೆರೆ ಕೊಯ್ದೆ. ಕೈ ಹಾಕಿ ಎಳೆದೆ. ಪತ್ರ ಹೊರಗೆ ಬಂತು, ಒಂದು ಮಡಿಕೆಯೂ ಹಾಳಾಗದೆ.

ಮೂಲೆಯಲ್ಲಿ ಕೂತಿದ್ದ ಅತ್ತೆ ಅಕ್ಕಿಯ ಬಟ್ಟಲು ಕೆಳಗಿಟ್ಟು ಕೈ ಜೋಡಿಸಿದರು. “ನಾ ಮೊದಲs ಹೇಳಿದ್ನಿಲ್ಲೋ ಬಸರೈತಿ ಅಂತ! ಏನಾತು? ಗಂಡೋ, ಹೆಣ್ಣೋ?”

ತಮ್ಮ ಪತ್ರದ ಸಾಲಿನ ಮೇಲೆ ಬೆರಳಾಡಿಸುತ್ತ, ತಲೆ ಎತ್ತದೆ ಹೇಳಿದ: “ಎರಡ ಎಕರೆ ಎಂಟ ಗುಂಟೆ, ಅವ್ವಾ.”

“ಏನರೆ ಆಗವಲ್ದ್ಯಾಕ,” ಅಂದರು ಅತ್ತೆ, “ಕೈಕಾಲು ಬರೋಬ್ಬರಿ ಅದಾವಿಲ್ಲೋ, ಅದನ್ನ ನೋಡು.”